ಹುಲ್ಲಿಗೆ ನೀರು, ಕೂಸಿಗೆ ಇಲ್ಲ

ಮಂಗಳವಾರ, ಹದಿನಾಲ್ಕನೇ ತಾರೀಖು

ಇನ್ನೂ ಮೈ ಉರಿಯುತ್ತಿದೆ. ನೀರಿನ ಉಳಿತಾಯ ನೋಡಲು ದೊಡ್ಡ ಸಾಹೇಬರು ಬರುತ್ತಾರೆಂದು ಮೂರು ದಿನದಿಂದ ನಾವಿರುವ ಸೈನಿಕರ ಕ್ವಾರ್ಟರ್ಸಿಗೆ ನಲ್ಲಿ ಬಂದ್. ಮೀಟರು ಕಡಿಮೆ ತೋರಿಸಬೇಕಂತೆ. ಕವಾಯತು ಮೈದಾನದ ಹುಲ್ಲಿಗೆ ಮಾತ್ರ ಹಗಲೆಲ್ಲ ಸ್ಪ್ರಿಂಕ್ಲರ್. ಆ ಪೈಪಿಗೆ ಮೀಟರೇ ಇಲ್ಲವಲ್ಲ! ಇಲ್ಲಿನ ನಮ್ಮ ಸಾಹೇಬನ ಅಪ್ಪಣೆಯಂತೆ ವಾಲ್ವ್ ಮುಚ್ಚಿದವನು ಪಂಪ್ ನೋಡಿಕೊಳ್ಳುವ ನನ್ನ ಮಗನೇ. ಮನೆಯಲ್ಲಿ ಸೊಸೆ ಹಸಿ ಬಾಣಂತಿ, ಕೂಸಿನ ಬಟ್ಟೆ ಗುಡ್ಡೆ ಬಿದ್ದು ನಾರುತ್ತಿತ್ತು.

ಬಕೆಟ್ ಎತ್ತಿಕೊಂಡು ಹೋಗಿ ಸ್ಪ್ರಿಂಕ್ಲರ್ ಕೆಳಗೇ ಒಗೆಯಲು ಕೂತೆ. ದೊಡ್ಡ ಸಾಹೇಬರು ಸರಿಯಾಗಿ ಆಗಲೇ ಬಂದರು.

"ಏನಜ್ಜಿ ಇದು?"

"ಉಳಿತಾಯ ಕಣಪ್ಪ. ಹುಲ್ಲು ಕುಡಿದು ಬಿಟ್ಟಿದ್ರಲ್ಲಿ ಕೂಸಿನ ಬಟ್ಟೆ ಒಗೀತಿದ್ದೀನಿ. ನೀನು ಬರ್ತೀಯಂತ ನಮ್ಮನೆ ನಲ್ಲಿ ಮೂರು ದಿನದಿಂದ ಉಪವಾಸ."

ಹಿಂದಿದ್ದ ನಮ್ಮ ಸಾಹೇಬನ ಮುಖ ಇಂಗು ತಿಂದ ಮಂಗನಂತಾಯಿತು.

ಸಂಜೆ ನೀರು ಬಂತು. ಹಿಂದೆಯೇ ಮಗನಿಗೆ ಕಾಗದವೂ ಬಂತು: ಯಾರನ್ನು ಕೇಳಿ ವಾಲ್ವ್ ಮುಚ್ಚಿದೆ, ಬರೆದುಕೊಡು ಎಂದು. ಕೆಳಗೆ ಸಹಿ, ಮುಚ್ಚು ಎಂದವನದೇ!

"ನೀನು ಸುಮ್ನಿದ್ದಿದ್ರೆ ಆಗ್ತಿತ್ತಲ್ಲಮ್ಮಾ. ಈಗ ನನ್ನ ಕೆಲಸ ಹೋಗುತ್ತೆ," ಎಂದು ಮಗ ಊಟ ಬಿಟ್ಟು ಮಲಗಿದ. ಅವನ ತಟ್ಟೆ ಮುಚ್ಚಿಟ್ಟು, ಆ ಕಾಗದ ಮುಂದಿಟ್ಟುಕೊಂಡು ಪೆನ್ನು ಹಿಡಿದು ಕೂತಿದ್ದೇನೆ. ಅವನು ಹೆದರಿ ಸುಳ್ಳು ಬರೆಯುವುದಾದರೆ ಬೇಡ, ಉತ್ತರ ನಾನೇ ಬರೆಯುತ್ತೇನೆ. ನನ್ನ ಅಕ್ಷರ ಸೊಟ್ಟಗಿರಬಹುದು, ಅಪ್ಪಣೆ ಕೊಟ್ಟವನ ಹೆಸರು ನೆಟ್ಟಗೇ ಇರುತ್ತದೆ.