ಅಪ್ಪನ ಚಿತ್ರ

ಮೇ ೧೧, ಶನಿವಾರ. ರಾತ್ರಿ ಹನ್ನೊಂದೂವರೆ.

ನಾಳೆಯ ಸಾಲಿನಲ್ಲಿ ಅಪ್ಪನ ಚಿತ್ರ ಅಂಟಿಸಬೇಕೋ ಬೇಡವೋ, ಇನ್ನೂ ತೀರ್ಮಾನವಾಗಿಲ್ಲ.

ಮಗಳು ಪುಟ್ಟಿಗೆ ಆಟಿಸಂ ಅಂತ ಗೊತ್ತಾದ ಮೇಲೆ ನಾನು ಕಲಿತದ್ದು ಇಷ್ಟೇ: ಮರುದಿನ ಏನೇನು ನಡೆಯುತ್ತದೋ ಅದರ ಚಿತ್ರಗಳನ್ನು ರಾತ್ರಿಯೇ ಹಾಳೆಯ ಮೇಲೆ ಸಾಲಾಗಿ ಅಂಟಿಸಿಡಬೇಕು, ಅಂಟಿಸಿದ್ದು ನಡೆಯಲೇಬೇಕು. ನಾದಿನಿಯ ಮನೆಯವರ ಜೊತೆ ಪ್ರವಾಸ ಬಂದಿದ್ದೇವೆ; ನಿನ್ನೆ ರಾತ್ರಿ ನಾನೇ ತಪ್ಪು ಮಾಡಿದೆ. ಪಾರ್ಕಿನ ಪುಟ್ಟ ರೈಲಿನ ಪಕ್ಕ ಅಪ್ಪ, ಅಮ್ಮ, ಪುಟ್ಟಿ ಮೂವರನ್ನೂ ಅಂಟಿಸಿದೆ. ಇವರನ್ನು ಕೇಳಿರಲಿಲ್ಲ. ಆಸೆಗೆ ಅಂಟಿಸಿದ್ದು.

ಇವತ್ತು ಪಾರ್ಕಿನಲ್ಲಿ ಇವರು ತಂಗಿಯ ಮಕ್ಕಳ ಜೊತೆ ನೀರಿನ ಜಾರುಬಂಡೆಗೆ ಹೋದರು. ಇತ್ತ ರೈಲು ಹೊರಟಿತು. ಪುಟ್ಟಿ ಪಕ್ಕದ ಖಾಲಿ ಸೀಟನ್ನು ತಟ್ಟಿ ತಟ್ಟಿ ಕಿರುಚತೊಡಗಿದಳು. ರೈಲು ನಿಲ್ಲಿಸಿ ನಮ್ಮನ್ನು ಇಳಿಸಿದರು.

"ಸದ್ದಿಗೆ ಹೆದರ್ಕೊಂಡಿದಾಳೆ, ಪಾಪ," ಎಂದಳು ನಾದಿನಿ. "ನಾಳೆ ನೀವಿಬ್ರೂ ರೂಮಲ್ಲೇ ಇದ್ಬಿಡಿ ಅತ್ತಿಗೆ. ನಿಮಗೂ ಸ್ವಲ್ಪ ರೆಸ್ಟ್ ಆಗತ್ತೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಇವರು ಒದ್ದೆ ಬಟ್ಟೆಯಲ್ಲಿ ನೆಲ ನೋಡುತ್ತಾ ನಿಂತಿದ್ದರು. ಬೇಡ ಎನ್ನಲಿಲ್ಲ. ಪುಟ್ಟಿ ಅತ್ತದ್ದು ಸದ್ದಿಗಲ್ಲ, ನಿಮಗಾಗಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಈಗ ಇವರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ನಾಳೆಗೆ ಹಲ್ಲುಜ್ಜುವುದು, ತಿಂಡಿ, ರೈಲು, ಪುಟ್ಟಿ, ಅಮ್ಮ ಎಲ್ಲ ಅಂಟಿಸಿ ಆಯಿತು. ಹೌದು, ರೈಲೇ. ಕೊನೆಯಲ್ಲಿ ಒಂದು ಜಾಗ ಬಿಟ್ಟಿದ್ದೇನೆ. ನನಗೆ ನಾನು ಎಷ್ಟು ಸುಳ್ಳು ಬೇಕಾದರೂ ಹೇಳಿಕೊಳ್ಳಬಲ್ಲೆ, ಅವಳ ಹಾಳೆಯ ಮೇಲೆ ಆಗುವುದಿಲ್ಲ. ಅಪ್ಪನ ಚಿತ್ರ ನನ್ನ ಅಂಗೈ ಬೆವರಿಗೆ ಮೆತ್ತಗಾಗಿದೆ. ನಾಳೆ ಬರ್ತೀರಾ ಅಂತ ಎಬ್ಬಿಸಿ ಕೇಳಿದರೆ ಮುಗಿಯಿತು. ಎರಡು ಸಲ ಭುಜದವರೆಗೆ ಕೈ ಹೋಯಿತು. ಇಲ್ಲ ಎಂದುಬಿಟ್ಟರೆ?