ಬಾವುಟ ಎತ್ತಿದವನಿಗೆ

ಜೂನ್ ೧೪, ಭಾನುವಾರ

ಪ್ರೀತಿಯ ಬಾವುಟ,

ಹೇಗಿದ್ದೀಯ ಮಾರಾಯ? ನೀನು, ತಂಗಿ, ಮಗಳು, ಎಲ್ಲಕ್ಕಿಂತ ಹೆಚ್ಚಾಗಿ ತೊಟ್ಟಿಲಲ್ಲಿರುವ ಆ ಹೊಸ ಯಜಮಾನಿ, ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಬಾಣಂತನಕ್ಕೆಂದು ಮಗಳ ಊರಿಗೆ ಹೋದ ಮೇಲೆ ನೀನು ಬರೆದ ಕಾಗದ ಬಂದು ಆರು ವಾರವಾಯಿತು. ಉತ್ತರ ಬರೆಯದಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ಕೆಲಸ ಜಾಸ್ತಿಯಾಗಿತ್ತು, ಜ್ವರ ಬಂದಿತ್ತು ಅಂತ ಏನಾದರೂ ಬರೆಯಬಹುದಿತ್ತು. ಆದರೆ ಹದಿನಾಲ್ಕು ತಿಂಗಳು ಗುರುವಾರದ ಗುಂಪಿನಲ್ಲಿ ಕೂತವನ ಬಾಯಿಗೆ ಸುಳ್ಳು ಮೊದಲಿನಷ್ಟು ಸಲೀಸಾಗಿ ಬರುವುದಿಲ್ಲ. ಬರೆಯಲು ಹೆದರಿಕೆಯಾಗಿತ್ತು. ಅಷ್ಟೇ.

ಮೊಮ್ಮಗಳು ನಿನ್ನ ಮೂಗು ಹೊತ್ತುಕೊಂಡು ಬಂದಿದ್ದಾಳೆ ಅಂತ ಬರೆದಿದ್ದೀಯ. ಪಾಪ, ಅವಳೇನು ತಪ್ಪು ಮಾಡಿದ್ದಳು? ನನ್ನ ಮನೆಯವಳು, ನಿನ್ನ ಅತ್ತಿಗೆ, ಅದನ್ನು ಓದಿ, "ಮೂಗು ಹೇಗಾದ್ರೂ ಇರ್ಲಿ, ಅವರ ಹಟ ಮಾತ್ರ ಬರದೇ ಇರ್ಲಿ" ಅಂದಳು. ನಾನು ಮಾತ್ರ ಆ ಹಟವೂ ಬರಲಿ ಅಂತಲೇ ಬಯಸುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿನ್ನ ಪ್ರಶ್ನೆ. ನಮ್ಮ ಫುಟ್‌ಬಾಲ್ ಸಂಘದವರು ಹೊಸ ಪಂದ್ಯಾವಳಿಗೆ ರೆಫರಿ ಹುಡುಕುತ್ತಿದ್ದಾರೆ, ನನ್ನ ಹೆಸರನ್ನು ನೀನೇ ಸೂಚಿಸಿದ್ದೀಯ, ಈ ಜೂನ್ ಕೊನೆಯೊಳಗೆ ನಾನು ಹೂಂ ಅಥವಾ ಊಹೂಂ ಹೇಳಬೇಕು. ಸಂಘಕ್ಕೆ ನೀನು ಬರೆದುಕೊಟ್ಟ ಮಾತನ್ನೂ ನನಗೆ ಕಳಿಸಿದ್ದೀಯ: "ಅವನಿಗೆ ಕಾಯಿಲೆ ಇದ್ದದ್ದು ನಿಜ, ಆದರೆ ಅವನ ಸೀಟಿಗೆ ಯಾವತ್ತೂ ಕಾಯಿಲೆ ಇರಲಿಲ್ಲ." ಈ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆರು ವಾರ ನನ್ನ ಕೈ ಕಟ್ಟಿಹಾಕಿದ್ದು ಇದೇ ಸಾಲು.

ನೆನಪಿದೆಯಾ, ಹನ್ನೆರಡು ವರ್ಷ ಪ್ರತಿ ಭಾನುವಾರ ನಮ್ಮಿಬ್ಬರದು ಅದೇ ಕೆಲಸ. ಗೆರೆಯುದ್ದಕ್ಕೂ ಓಡುತ್ತಾ, ಚೆಂಡು ಬರುವ ಮೊದಲೇ ಯಾರಾದರೂ ಮುಂದೆ ನುಗ್ಗಿ ನಿಂತರೆ ಬಾವುಟ ಎತ್ತುವುದು ನಿನ್ನದು. ಅದನ್ನು ನೋಡಿ ಸೀಟಿ ಊದುವುದು ನನ್ನದು. ಜನ ನಮ್ಮ ಹೆಸರನ್ನೇ ಮರೆತು ಸೀಟಿ, ಬಾವುಟ ಅಂತ ಕರೆಯತೊಡಗಿದರು. ವಾರವಿಡೀ ನೀನು ಬಾಗಿಲು ಕೆತ್ತುತ್ತಿದ್ದೆ, ನಾನು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದೆ. ಭಾನುವಾರ ಬಂದರೆ ಇಬ್ಬರೂ ಕಪ್ಪು ಚಡ್ಡಿ ಹಾಕಿಕೊಂಡು ಊರವರ ಬೈಗುಳ ತಿನ್ನಲು ಹೊರಡುತ್ತಿದ್ದೆವು.

ಈಗಿನ ಸುದ್ದಿ ಕೇಳು. ಪ್ರೆಸ್ಸಿನ ಯಜಮಾನರು ಹೋದ ತಿಂಗಳಿಂದ ಕತ್ತರಿಸುವ ಮಶೀನನ್ನು ಮತ್ತೆ ನನ್ನ ಕೈಗೆ ಕೊಟ್ಟಿದ್ದಾರೆ. ನಿನಗೆ ಗೊತ್ತಲ್ಲ, ಫೋನಿನಲ್ಲಿ ಯಾವುದೋ ದೇಶದ ಪಂದ್ಯ ನೋಡುತ್ತಾ ಕೂತು, ಮುನ್ನೂರು ವ್ಯಾಕರಣ ಪುಸ್ತಕಗಳಿಗೆ ಮಧ್ಯದ ಹದಿನಾರು ಪುಟ ತಲೆಕೆಳಗಾಗಿ ಹೊಲಿದವನು ನಾನು. ಮಕ್ಕಳು ಪುಸ್ತಕ ತಿರುಗಿಸಿ ತಿರುಗಿಸಿ ಓದಿದರಂತೆ. ಆ ತಂಡಗಳ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಯಾರು ಗೆಲ್ಲುತ್ತಾರೆ ಅಂತಲೂ ಅಲ್ಲ ಕಣೋ, ಮೊದಲ ಹತ್ತು ನಿಮಿಷದಲ್ಲಿ ಎಷ್ಟು ಸಲ ಚೆಂಡು ಗೆರೆಯಾಚೆ ಹೋಗುತ್ತದೆ ಅಂತ ಬಾಜಿ ಕಟ್ಟಿದ್ದೆ. ಹೇಳಿಕೊಂಡರೆ ಈಗ ನಗು ಬರುತ್ತದೆ. ಅವತ್ತು ಬೆವರು ಬರುತ್ತಿತ್ತು.

ನಿನಗೆ ಒಂದು ಥ್ಯಾಂಕ್ಸ್ ಕೂಡ ನೆಟ್ಟಗೆ ಹೇಳಿಲ್ಲ ನಾನು. ಎದುರಿಗೆ ಹೇಳಲು ಹೋದರೆ "ಸಾಕು ಮುಚ್ಚೋ" ಅನ್ನುತ್ತೀಯ. ಕಾಗದದಲ್ಲಾದರೆ ಬಾಯಿ ಮುಚ್ಚಿಸಲು ಆಗುವುದಿಲ್ಲ. ಕೇಳಿಸಿಕೋ.

ಅವತ್ತು ನಿನ್ನ ಅತ್ತಿಗೆ ನಿನ್ನ ಮುಂದೆ ಎಲ್ಲ ಹೇಳಿಕೊಂಡು ಅತ್ತ ಮೇಲೆ ನೀನು ಸೀದಾ ಪ್ರೆಸ್ಸಿಗೆ ಬಂದೆ. ಅದು ಗೊತ್ತಿಲ್ಲದೆ ನಾನು, ಅವಳಿಗೇ ಆಪರೇಶನ್ ಆಗಬೇಕು, ಸ್ವಲ್ಪ ದುಡ್ಡು ಬೇಕು ಅಂತ ನಿನ್ನ ಹತ್ತಿರ ಕೈಯೊಡ್ಡಿದೆ. ನೀನು ಬೈಯಲಿಲ್ಲ. ಅಂಟಿನ ಡಬ್ಬಿ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಕೂತು ಹೇಳಿದೆ:

"ದುಡ್ಡು ಕೊಡಲ್ಲ ಕಣೋ. ನೀನು ಕಾಲು ಹಿಡ್ಕೊಂಡ್ರೂ ಕೊಡಲ್ಲ. ಜೊತೆಗೆ ಬಾ ಅಂದ್ರೆ ಬರ್ತೀನಿ, ಎಲ್ಲಿಗೆ ಬೇಕಾದ್ರೂ."

"ಎಲ್ಲಿಗೆ?"

"ನಂಗೇನ್ ಗೊತ್ತು? ಹುಡುಕೋಣ."

ಆಮೇಲೆ ನೀನು ಪ್ರೆಸ್ಸಿನ ಫೋನಿನಿಂದಲೇ ಸಹಾಯವಾಣಿಗೆ ಕರೆ ಮಾಡಿ, ಅಲ್ಲಿದ್ದ ಕೆಲಸದವರೆಲ್ಲ ಕೇಳುವ ಹಾಗೆ, "ನಮ್ಮವನೊಬ್ಬನಿಗೆ ಜೂಜಿನ ಜ್ವರ ಹತ್ತಿದೆ, ಎಲ್ಲಿಗೆ ಕರ್ಕೊಂಡು ಬರ್ಲಿ?" ಅಂತ ಕೂಗಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಆದರೆ ಎಲ್ಲರಿಗೂ ಗೊತ್ತಾದ ಮೇಲೆ ಬಚ್ಚಿಡುವ ಕೆಲಸ ತಪ್ಪಿತು ನೋಡು. ಆಡುವುದಕ್ಕಿಂತ ಹೆಚ್ಚು ಸುಸ್ತು ಮಾಡುತ್ತಿದ್ದುದು ಆ ಬಚ್ಚಿಡುವ ಕೆಲಸವೇ.

ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ ಆಪ್ತಸಲಹೆಯ ಮೇಡಂ ಮೊದಲ ದಿನ ನಿನ್ನನ್ನೂ ಒಳಗೆ ಕೂರಿಸಿದ್ದರು. ಎಷ್ಟು ಕಳೆದಿರಿ ಅಂತ ಕೇಳುತ್ತಾರೆ ಅಂದುಕೊಂಡು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಗೆದ್ದ ದಿನ ಏನು ಮಾಡ್ತಿದ್ರಿ?" ಗೆದ್ದ ದಿನ ಒಂದು ಸೀರೆ ತಂದಿಲ್ಲ, ಒಂದು ಊಟಕ್ಕೆ ಹೋಗಿಲ್ಲ. ಗೆದ್ದದ್ದನ್ನೂ ತಿರುಗಿ ಕಟ್ಟುತ್ತಿದ್ದೆ. ಆಗಲೇ ನನಗೆ ಹೊಳೆದದ್ದು, ನನಗೆ ದುಡ್ಡು ಬೇಕಾಗಿಯೇ ಇರಲಿಲ್ಲ, ಆಟ ಮುಗಿಯಬಾರದು ಅನ್ನುವುದೊಂದೇ ಬೇಕಾಗಿತ್ತು.

ನೀನು ಸುಮ್ಮನಿರಬೇಕಲ್ಲ, "ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂದೆ. ಅವರು ನಿನ್ನ ಕಡೆ ತಿರುಗಿ, "ಬುದ್ಧಿ ಇವರಿಗೆ ಬೇಕಾದಷ್ಟಿದೆ. ಇದು ಬುದ್ಧಿ ಕಮ್ಮಿಯಾಗಿ ಬಂದಿದ್ದಲ್ಲ, ಚಟದ ಕಾಯಿಲೆ. ಸ್ವಲ್ಪದರಲ್ಲಿ ತಪ್ಪಿತು ಅಂದಾಗ ನಿಮಗೆ ಸೋತ ಹಾಗೆ ಅನ್ಸುತ್ತೆ, ಇವರ ಮಿದುಳಿಗೆ ಇನ್ನೇನು ಗೆದ್ದೆ ಅನ್ಸುತ್ತೆ. ಕಾಲು ಮುರಿದವರನ್ನ ಬೈದ್ರೆ ಎದ್ದು ನಡೀತಾರಾ?" ಅಂದರು. ಇಷ್ಟು ವರ್ಷಗಳಲ್ಲಿ ನೀನು ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊರಗೆ ಬಂದು ನನ್ನ ಭುಜ ಹಿಡಿದು, "ನಾನು ಇದನ್ನ ಕೊಬ್ಬು ಅಂದ್ಕೊಂಡಿದ್ದೆ ಕಣೋ" ಅಂದೆ. ನಾನೂ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಪ್ರತಿ ಗುರುವಾರ ಸಂಜೆ ನಾಲ್ಕೂವರೆಗೆ ನಿನ್ನ ಸೈಕಲ್ ಬೆಲ್. ಆಸ್ಪತ್ರೆಯೊಳಗೆ ಚಟ ಬಿಡಲು ಬಂದ ನಮ್ಮ ಗುಂಪು ಕೂತಿದ್ದರೆ ಹೊರಗೆ ಬೆಂಚಿನ ಮೇಲೆ ನೀನು. ಆ ಬೆಂಚು ಅಲ್ಲಾಡುತ್ತದೆ ಅಂತ ಮೂರನೇ ವಾರ ಚೀಲದಲ್ಲಿ ಸುತ್ತಿಗೆ, ಮೊಳೆ ತಂದು ಯಾರನ್ನೂ ಕೇಳದೆ ರಿಪೇರಿ ಮಾಡಿದೆ. ಗುಂಪಿನ ಲಾರಿ ಡ್ರೈವರಣ್ಣ ಈಗಲೂ ಅದರ ಮೇಲೆ ಕೂರುವಾಗ ನಿನ್ನನ್ನು ಕೇಳುತ್ತಾನೆ. ಐದನೇ ತಿಂಗಳಲ್ಲಿ ನಾನು ಜಾರಿ ಬಿದ್ದೆನಲ್ಲ, ಪಕ್ಕದ ಮನೆಯವರ ಫೋನ್ ಇಸಕೊಂಡು ಮತ್ತೆ ಕಟ್ಟಿದೆನಲ್ಲ, ಅವತ್ತು ನಿನಗೆ ಮುಖ ತೋರಿಸಲಾಗದೆ ಬಚ್ಚಲಲ್ಲಿ ಕೂತಿದ್ದೆ. ನೀನು ಬಾಗಿಲಾಚೆ ನಿಂತು, "ಗುರುವಾರ ಯಾವತ್ತು?" ಅಂದೆ. "ನಾಳೆ" ಅಂದೆ ನಾನು. "ಸರಿ, ನಾಳೆ ಬರ್ತೀನಿ" ಅಂತ ಹೊರಟುಹೋದೆ. ಆ ಹಟ ಇರಲಿ ನಿನ್ನ ಮೊಮ್ಮಗಳಿಗೆ.

ಈಗ ನನ್ನದು ಗುಂಡಿ ಒತ್ತುವ ಹಳೆ ಫೋನು. ಬ್ಯಾಂಕಿನ ಕೆಲಸವೆಲ್ಲ ನಿನ್ನ ಅತ್ತಿಗೆಯದು. ಆಸೆ ಬರುವುದು ನಿಂತಿಲ್ಲ. ಬಂದಾಗ ಇಪ್ಪತ್ತು ನಿಮಿಷ ಕೈಗೆ ಏನಾದರೂ ಕೆಲಸ ಕೊಡಿ, ಅಲೆ ಇಳಿಯುತ್ತದೆ ಅಂತ ಮೇಡಂ ಹೇಳಿದ್ದಾರೆ. ನನ್ನ ಕೈಗೆ ಬರುವುದು ಒಂದೇ ಕೆಲಸ, ಚೂರು ಕಾಗದ ಸೇರಿಸಿ ನೋಟ್‌ಬುಕ್ ಹೊಲಿಯುತ್ತೇನೆ. ಅಟ್ಟದ ತುಂಬ ನೋಟ್‌ಬುಕ್. "ಮನೇಲಿ ಬರೆಯೋರು ಇಬ್ರು, ಪುಸ್ತಕ ಇನ್ನೂರು" ಅಂತ ನಿನ್ನ ಅತ್ತಿಗೆ ರೇಗಿಸುತ್ತಾಳೆ. ಮೊನ್ನೆ ಊಟ ಬಡಿಸುತ್ತಾ ಅವಳೇ ಸುಮ್ಮನೆ, "ಎಷ್ಟೋ ವರ್ಷ ನಿಮ್ಮ ನೆತ್ತಿ ಮಾತ್ರ ಕಾಣ್ತಿತ್ತು, ಈಗ ಮುಖ ಕಾಣುತ್ತೆ" ಅಂದಳು. ಈ ಮುಖ ನೀನು ವಾಪಸ್ ತಂದುಕೊಟ್ಟದ್ದು ಮಾರಾಯ. ಮೇಡಂ ಇದ್ದರು, ಗುಂಪು ಇತ್ತು, ನಿಜ. ಆದರೆ ಅವರ ಬಾಗಿಲವರೆಗೆ ನನ್ನನ್ನು ಎಳೆದುಕೊಂಡು ಹೋದವನು ನೀನು. ನಿನ್ನ ಋಣ ತೀರಿಸುವ ಮಾತು ನಾನು ಆಡುವುದಿಲ್ಲ, ಅದು ತೀರುವಂಥದ್ದಲ್ಲ.

ಇನ್ನು ಸೀಟಿಯ ವಿಷಯ. ನಾನು ಒಪ್ಪಿಕೊಳ್ಳುವುದಿಲ್ಲ. ಪಂದ್ಯ, ಮೈದಾನ, ಕೂಗಾಟ ಇವುಗಳಿಂದ ಸದ್ಯಕ್ಕೆ ದೂರವಿರಿ ಅಂತ ಮೇಡಂ ಹೇಳಿದ್ದಾರೆ. ಸಂಘದವರಿಗೂ ಬರೆದು ತಿಳಿಸುತ್ತೇನೆ. ನೀನು ನನ್ನ ಮೇಲೆ ಇಟ್ಟ ನಂಬಿಕೆಗೆ ಕೈ ಮುಗಿಯುತ್ತೇನೆ.

ಮಗುವಿಗೆ ನೂರು ವರ್ಷ ಆಯಸ್ಸಿರಲಿ, ಬಿದ್ದರೂ ನಕ್ಕು ಏಳುವ ಗಟ್ಟಿತನ ಇರಲಿ. ಮಗಳಿಗೆ ನನ್ನ ಆಶೀರ್ವಾದ, ತಂಗಿಗೆ ನೆನಪು. ಬಿಸಿಲಲ್ಲಿ ಸೈಕಲ್ ತುಳಿಯಬೇಡ.

ನಿನ್ನ
ಸೀಟಿ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಈಗ ಹರಿದು ತೆಗೆದೆ. ಮೇಲೆ ಬರೆದ ಕಾರಣ ಸುಳ್ಳಲ್ಲ, ಆದರೆ ಅದು ಅರ್ಧ. ಉಳಿದರ್ಧ ಹೇಳಿದರೆ ನೀನು ನನ್ನ ಮನೆ ಕಡೆ ತಲೆ ಹಾಕುವುದಿಲ್ಲವೇನೋ ಎಂಬ ಭಯಕ್ಕೇ ಆರು ವಾರ ಕಳೆದದ್ದು.

ಏಳು ವರ್ಷದ ಹಿಂದಿನ ಫೈನಲ್. ಕೊನೆಯ ನಾಲ್ಕು ನಿಮಿಷ. ಹಸಿರು ಅಂಗಿಯವನು ಚೆಂಡು ಬರುವ ಮೊದಲೇ ಮುಂದೆ ನುಗ್ಗಿ ನಿಂತಿದ್ದ, ನೀನು ಬಾವುಟ ಎತ್ತಿದೆ. ನಾನೂ ನೋಡಿದೆ. ಆದರೆ ಮೈದಾನದ ಹಿಂದಿನ ಟೀ ಅಂಗಡಿಯಲ್ಲಿ ನಾನು ಹಸಿರು ತಂಡದ ಮೇಲೆ ಬಾಜಿ ಕಟ್ಟಿದ್ದೆ. ಕೈಬೀಸಿ ನಿನ್ನ ಬಾವುಟ ಇಳಿಸಿ ಗೋಲು ಕೊಟ್ಟೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನೀನು ಕೇಳಿದೆ, "ನಾನು ತಪ್ಪು ನೋಡಿದ್ನಾ?" ನಾನು ಬೂಟಿನ ಲೇಸು ಬಿಚ್ಚುತ್ತಾ, ನಿನ್ನ ಮುಖ ನೋಡದೆ, "ವಯಸ್ಸಾಯ್ತು ಕಣೋ, ಕಣ್ಣು ತೋರಿಸ್ಕೋ" ಅಂದೆ. ನೀನು ನಿಜವಾಗಿಯೂ ಹೋಗಿ ತೋರಿಸಿಕೊಂಡೆ. ಡಾಕ್ಟರು ಎಲ್ಲ ಸರಿಯಾಗಿದೆ ಅಂದರು. ನೀನು ಡಾಕ್ಟರನ್ನು ನಂಬಲಿಲ್ಲ, ನನ್ನನ್ನು ನಂಬಿದೆ. ಬಾವುಟವನ್ನು ಸಂಘಕ್ಕೆ ಒಪ್ಪಿಸಿದೆ. ಅದೇ ವರ್ಷ ಕೆತ್ತನೆಯ ಬಾಗಿಲುಗಳನ್ನೂ ಬಿಟ್ಟೆ, "ಕಣ್ಣು ಕೈಕೊಟ್ಟಿದೆ, ಇನ್ನು ನಾಜೂಕಿನ ಕೆಲಸ ಬೇಡ" ಅಂತ ಹಣ್ಣು ತುಂಬುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯಲು ಕೂತೆ. ನಾನು ದಿನಾ ನೀನು ಕೂತ ಜಾಗದ ಮುಂದೆಯೇ ಕೆಲಸಕ್ಕೆ ಹೋದೆ. ಒಂದು ಮಾತು ಹೇಳಲಿಲ್ಲ.

ಮೊದಲ ಗುರುವಾರ ಆಸ್ಪತ್ರೆಯ ಮೆಟ್ಟಿಲಲ್ಲಿ ಒಂದೇ ಒಂದು ಸಲ ನೀನು ಕೇಳಿದ್ದೆ, "ನಮ್ಮ ಪಂದ್ಯಗಳ ಮೇಲೆ ಕಟ್ಟಿದ್ಯಾ?" ಇಲ್ಲ ಅಂದೆ ನಾನು. ಮತ್ತೆ ನೀನು ಕೇಳಲಿಲ್ಲ.

ಸಂಘಕ್ಕೂ ಇದನ್ನೆಲ್ಲ ಬರೆದಿದ್ದೇನೆ. ಎರಡೂ ಕಾಗದ ನಾಳೆ ಒಟ್ಟಿಗೆ ಅಂಚೆಗೆ ಹೋಗುತ್ತವೆ. ನೀನು ಉತ್ತರ ಬರೆಯಲೇಬೇಕು ಅಂತ ಕೇಳುವ ಮುಖ ನನಗಿಲ್ಲ. ಬರೆಯದಿದ್ದರೂ ಗುರುವಾರ ನಾನು ಹೋಗುತ್ತೇನೆ, ಅದರ ಚಿಂತೆ ಬೇಡ.

ಅವನು ಎರಡು ಹೆಜ್ಜೆ ಮುಂದಿದ್ದ. ನೀನು ನೋಡಿದ್ದೇ ಸರಿ. ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೋ, ಯಾವತ್ತೂ ಆಗಿರಲಿಲ್ಲ.