ಚಿಕ್ಕಮ್ಮನ ತಿಥಿ ಮುಗಿದ ಮೇಲೆ

ರೀ,

ಹುರುಳಿಕಾಳಿನ ಸಾರು ಸ್ಟವ್ ಮೇಲಿದೆ, ಬಿಸಿ ಮಾಡ್ಕೊಳ್ಳಿ. ನಾನು ಹೇರೋಹಳ್ಳಿಗೆ, ಚಿಕ್ಕಮ್ಮನ ಮನೆಗೆ ಹೋಗ್ತಾ ಇದೀನಿ.

ಚಿಕ್ಕಮ್ಮ ತೀರಿಕೊಂಡು ತಿಥಿನೂ ಮುಗೀತಂತೆ. ಅವಳ ಪಕ್ಕದ ಮನೆಯವರು ತರಕಾರಿ ಗಾಡಿ ಹತ್ರ ಸಿಕ್ಕಿ ಹೇಳಿದ್ರು. "ನನ್ನ ಹೆಂಡತಿ ಹಾರ್ಟು ತಡೆಯಲ್ಲ, ಅವಳಿಗೆ ಹೇಳ್ಬೇಡಿ" ಅಂದವರು ನೀವೇ ಅಂತೆ.

ಹತ್ತು ವರ್ಷದ ಹಿಂದೆ ತೊಡೆಯಿಂದ ಟ್ಯೂಬ್ ಹಾಕಿ, ಅದರೊಳಗಿಂದ ಆಲ್ಕೋಹಾಲ್ ಇಂಜೆಕ್ಷನ್ ಕೊಟ್ಟು, ದಪ್ಪಗಾಗಿದ್ದ ನನ್ನ ಹಾರ್ಟಿನ ಗೋಡೆ ತೆಳ್ಳಗೆ ಮಾಡಿದ್ರಲ್ಲ, ಆವತ್ತು ಐಸಿಯು ಬಾಗಿಲು ಬಿಟ್ಟು ಕದಲದೇ ಇದ್ದವಳು ಅವಳು. ಕೊನೇ ಸಲ ಅವಳ ಮುಖ ನೋಡೋಕೂ ನನ್ನ ಬಿಡಲಿಲ್ಲ ನೀವು.

ಹೋದ ತಿಂಗಳು ಎಕೋ ನೋಡಿ ಡಾಕ್ಟರು, "ಚೆನ್ನಾಗಿದೀರಮ್ಮ, ಎಲ್ಲರ ಹಾಗೆ ಇರಿ" ಅಂದಾಗ ಪಕ್ಕದಲ್ಲೇ ಕೂತಿದ್ರಿ. ಆದರೂ ನಾನು ಹಾಲ್‌ಗೆ ಬಂದ ತಕ್ಷಣ ನೀವೂ ಮಗಳೂ ಮಾತು ನಿಲ್ಲಿಸ್ತೀರಿ. ಟಿವಿ ಒಂದೇ ಮಾತಾಡ್ತಿರತ್ತೆ.

ಮಾತ್ರೆ ತಗೊಂಡಿದೀನಿ. ಫೋನ್ ಮಾಡಿ ಹುಷಾರಾಗಿದೀಯಾ ಅಂತ ಕೇಳ್ಬೇಡಿ. ಅಲ್ಲಿ ಕೂತು ಅತ್ತು, ಸಂಜೆ ಬರ್ತೀನಿ.

ಬಂದ ಮೇಲೆ, ಹೇಳದೇ ಯಾಕೆ ಹೋದೆ ಅಂತ ಜಗಳಕ್ಕೆ ಬನ್ನಿ. ನೀವು ನನ್ನ ಮೇಲೆ ಕೂಗಾಡಿ ಹತ್ತು ವರ್ಷ ಆಯ್ತು.